ಎರಡೂ ಬದಿ ಆನೆ ಇದ್ದ ನಾಣ್ಯ

ಒಂದಾನೊಂದು ಕಾಲದಲ್ಲಿ, ನನ್ನ ಅಜ್ಜಿಯ ಅಜ್ಜಿಗೂ ಎಷ್ಟೋ ಹಿಂದೆ, ಹೊಳೆ ದಡದಲ್ಲಿ ಒಂದು ರಾಜ್ಯ ಇತ್ತಂತೆ. ಹೊದಿಕೆ ಎಳ್ಕೋ ಮಗಾ, ಕಾಲು ಒಳಗಿಟ್ಕೋ. ಆ ರಾಜ್ಯದ ಬೆಳ್ಳಿ ನಾಣ್ಯಕ್ಕೆ ಒಂದು ಬದಿ ಆನೆ, ಇನ್ನೊಂದು ಬದಿ ಸೂರ್ಯ. ಟಂಕಸಾಲೇಲಿ ಒಂದು ದಿನ ಅಚ್ಚು ಹೊಡೆಯೋನು ಮೈಮರೆತು ಮೇಲೂ ಆನೆ ಅಚ್ಚು, ಕೆಳಗೂ ಆನೆ ಅಚ್ಚು ಇಟ್ಟು ಸುತ್ತಿಗೆ ಬೀಸಿಬಿಟ್ಟನಂತೆ. ಹಾಗೆ ತಪ್ಪಿ ಹುಟ್ಟಿದ್ದು ಒಂದೇ ನಾಣ್ಯ. ಅದನ್ನ ಕರಗಿಸೋಕೆ ಮನಸ್ಸು ಬಾರದೆ ರಾಜ ತನ್ನ ಹತ್ರಾನೇ ಇಟ್ಕೊಂಡನಂತೆ.

ಆಮೇಲೆ ಒಂದು ಮಳೆಗಾಲ ರಾಜನ ಪುಟ್ಟ ಮಗ ಹೊಳೇಲಿ ಕೊಚ್ಚಿಕೊಂಡು ಹೋಗ್ತಿದ್ದಾಗ ಒಬ್ಬ ಅಂಬಿಗ ಹರಿಗೋಲು ಹಾಕಿ, ಕೂದಲು ಹಿಡಿದು ಎಳೆದು ತಂದನಂತೆ. ರಾಜ ಆ ನಾಣ್ಯವನ್ನ ಅವನ ಕೈಗಿಟ್ಟು, ಇದನ್ನ ಯಾವತ್ತು ಯಾರು ತಂದು ತೋರಿಸಿದರೂ ಸರಿ, ಕೇಳಿದ್ದನ್ನ ಒಂದು ಸಲ ಕೊಡ್ತೀವಿ ಅಂತ ಮಾತು ಕೊಟ್ಟನಂತೆ. ರಾಜ ಸತ್ತ, ಅಂಬಿಗನೂ ಸತ್ತ, ನಾಣ್ಯ ಎಲ್ಲಿ ಹೋಯ್ತೋ ಅರಮನೇಲಿ ಯಾರಿಗೂ ಗೊತ್ತಾಗಲಿಲ್ಲ. ಆ ಮಗ ರಾಜನಾಗಿ ತಲೆ ನರೆತ ಮೇಲೆ, ನನ್ನ ಜೀವದ ಋಣ ತೀರಲಿ, ಆ ನಾಣ್ಯ ಇರೋರು ತನ್ನಿ, ಆದರೆ ಸುಳ್ಳು ನಾಣ್ಯ ತಂದೋರ ಬಲಗೈ ತೆಗೆಸ್ತೀನಿ ಅಂತ ಡಂಗುರ ಸಾರಿಸಿದನಂತೆ.

ನಾಣ್ಯ ಪರೀಕ್ಷೆ ಮಾಡೋಕೆ ಅರಮನೇಲಿ ಸಂಪಂಗಿ ಅಂತ ಒಬ್ಬ ಚಿನಿವಾರ ಇದ್ದ. ಅವನ ಮುಂದೆ ಬಂದು ನಿಂತವರು ಮೂರು ಜನ. ಮೊದಲನೆಯವನು ಸುಂಕದ ಕಟ್ಟೆ ತನಗೇ ಬೇಕು ಅಂತ ಬಂದ ವರ್ತಕ. ಎರಡನೆಯವಳು ಆ ಅಂಬಿಗನ ಮೊಮ್ಮಗಳು ತಾಯಕ್ಕ. ಹೊಳೆ ತುಂಬಿದಾಗ ಹರಿಗೋಲು ಬಿಡಲ್ಲ ಅಂದಿದ್ದಕ್ಕೆ ಸುಂಕದ ಅಧಿಕಾರಿ ಅವಳ ಅಪ್ಪನ್ನ ಸೆರೆಗೆ ಹಾಕಿಸಿದ್ದನಂತೆ. ಮೂರನೆಯವನ ಮುಖ ನೋಡ್ತಿದ್ದಹಾಗೆ ಸಂಪಂಗಿ ಎದೆ ಧಸಕ್ ಅಂತಂತೆ. ಯಾಕೆ ಹೇಳು? ಅವನು ಸ್ವಂತ ಅಣ್ಣ ಕೆಂಪಯ್ಯ. ಒಂದೇ ಕುಲುಮೆ ಮುಂದೆ ಕೂತು, ಒಬ್ಬನೇ ಅಪ್ಪನ ಹತ್ರ ಕೆಲಸ ಕಲಿತೋರು. ತಮ್ಮನಿಗೆ ಅರಮನೆ ಕೆಲಸ ಸಿಕ್ಕಿತು ಅಂತ ಮುನಿಸ್ಕೊಂಡು ಮಾತು ಬಿಟ್ಟಿದ್ದನಂತೆ.

ಸಂಪಂಗಿ ಮೊದಲು ನಾದ ನೋಡಿದ. ವರ್ತಕನ ನಾಣ್ಯವನ್ನ ಕಲ್ಲಿನ ಮೇಲೆ ಬಿಟ್ಟರೆ ಒದ್ದೆ ಮಣ್ಣು ಬಿದ್ದಹಾಗೆ ಟಪ್ ಅಂತಂತೆ. ಒಳಗೆಲ್ಲ ಸೀಸ, ಮೇಲೆ ಬರೀ ಬೆಳ್ಳಿ ಲೇಪ. ವರ್ತಕ ಓಡೋಕೆ ಹೋದ, ಭಟರು ಹಿಡಿದು ಸೆರೆಮನೆಗೆ ಎಳ್ಕೊಂಡು ಹೋದರಂತೆ. ಉಳಿದ ಎರಡೂ ಠಣ್ ಅಂದವಂತೆ.

ಆಮೇಲೆ ತಕ್ಕಡಿಗೆ ಹಾಕಿದ. ಕೆಂಪಯ್ಯನದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ತಾಯಕ್ಕನ ನಾಣ್ಯದ ತಟ್ಟೆ ಮಾತ್ರ ಮೇಲೆ ಹೋಯ್ತು. ಸಭೆಯೆಲ್ಲ ಗುಜುಗುಜು ಅಂತಂತೆ, ಒಬ್ಬ ಭಟ ಅವಳ ಬಲಗೈ ಹಿಡಿದೇಬಿಟ್ಟ. ಅವಳು, ನಮ್ಮ ತಾತ ತೂತು ಕೊರೆದು ನನ್ನ ಕೊರಳಿಗೆ ಕಟ್ಟಿದ್ದ ಸ್ವಾಮಿ, ಇನ್ನೇನೂ ಮಾಡಿಲ್ಲ ಅಂದಳಂತೆ. ರಾಜ ಸಂಪಂಗಿ ಕಡೆ ನೋಡಿದ. ಸಂಪಂಗಿ, ತೂತು ಬಿದ್ದಮೇಲೆ ತೂಕ ಇಳಿದೇ ಇಳಿಯುತ್ತೆ ಸ್ವಾಮಿ, ಅಷ್ಟಕ್ಕೇ ಸುಳ್ಳು ಅನ್ನೋಕಾಗಲ್ಲ, ಇನ್ನು ಬೆಂಕಿ ನೋಡೋದಿದೆ ಅಂದನಂತೆ.

ಹಾಗೆ ಅಂದನೇ ಹೊರತು, ಅಣ್ಣನ ನಾಣ್ಯದ ಅಂಚಿನ ಮೇಲೆ ಬೆರಳು ಆಡಿಸಿದಾಗಲೇ ಅವನಿಗೆ ತಿಳಿದುಹೋಗಿತ್ತು. ಕೆಂಪಯ್ಯ ಎರಡು ನಾಣ್ಯದ ಸೂರ್ಯನ ಬದಿ ಅರೆದು, ಆನೆ ಬದಿ ಎರಡನ್ನೂ ತವರದಲ್ಲಿ ಬೆಸೆದು, ಅಂಚಿಗೆ ಅರ ಉಜ್ಜಿದ್ದ. ಆ ಅರ ಎಳೆಯೋ ರೀತಿ ಅಪ್ಪ ಕಲಿಸಿದ್ದು. ಕಣ್ಣಿಗೆ ಕಾಣದಷ್ಟು ನಯ. ಬೆಂಕಿಯೂ ಬೇಡ, ಅಣ್ಣನದೇ ನಿಜ ಅಂದುಬಿಟ್ಟರೆ ಕೇಳೋರು ಯಾರೂ ಇರಲಿಲ್ಲ.

ಕೆಂಪಯ್ಯ ಹತ್ತಿರ ಬಗ್ಗಿ, ಅಪ್ಪ ಸಾಯೋವಾಗ ನಮ್ಮಿಬ್ಬರ ಕೈ ಸೇರಿಸಿ, ಒಬ್ಬರ ಕೈ ಒಬ್ಬರು ಬಿಡಬೇಡಿ ಅಂದಿದ್ದು ನೆನಪಿದೆಯೇನೋ ಅಂತ ಪಿಸುಗುಟ್ಟಿದನಂತೆ.

ಸಂಪಂಗಿಗೆ ಒಂದು ಕಡೆ ಅಣ್ಣನ ಕೈ, ಇನ್ನೊಂದು ಕಡೆ ಭಟನ ಹಿಡಿತದಲ್ಲಿ ಆ ಹುಡುಗಿಯ ಕೈ. ಇದೆ ಅಣ್ಣ, ಆದರೆ ಈ ಮಗು ಕೈ ಕಡಿಸಿ ನಿನ್ನ ಕೈ ನಾನು ಹೆಂಗೆ ಹಿಡೀಲಿ ಅಂದವನೇ, ಎರಡೂ ನಾಣ್ಯಗಳನ್ನ ಇಕ್ಕಳದಲ್ಲಿ ಎತ್ತಿ ಕೆಂಡದ ಮೇಲಿಟ್ಟು ತಿದಿ ಒತ್ತಿದನಂತೆ. ತಾಯಕ್ಕನ ನಾಣ್ಯ ದಾಸವಾಳದಂಗೆ ಕೆಂಪಾಯ್ತು, ಹಂಗೇ ಇತ್ತು. ಕೆಂಪಯ್ಯನದು ಅಂಚಲ್ಲಿ ಬೆವರಿತು, ತವರ ಹನಿಹನಿಯಾಗಿ ಇಳೀತು, ಆಮೇಲೆ ಎರಡು ಹೋಳಾಗಿ ಜಾರಿ ಬಿತ್ತಂತೆ. ಅಣ್ಣನ್ನ ಎಳ್ಕೊಂಡು ಹೋಗುವಾಗ ಸಂಪಂಗಿ ತಲೆ ಎತ್ತಲಿಲ್ಲ. ಅವನ ಕಣ್ಣೀರು ಕೆಂಡಕ್ಕೆ ಬಿದ್ದು ಚುಂಯ್ ಅಂದಿದ್ದನ್ನ ತಾಯಕ್ಕ ನೋಡಿದಳಂತೆ.

ರಾಜ ಸಿಂಹಾಸನದಿಂದ ಇಳಿದು ಬಂದು, ಏನು ಬೇಕು ಕೇಳಮ್ಮ ಅಂದನಂತೆ. ಅವಳು ಸಂಪಂಗಿ ಕಡೆ ಒಮ್ಮೆ ನೋಡಿ, ನಮ್ಮಪ್ಪ ನಿಮ್ಮ ಸೆರೆಮನೇಲಿದಾನೆ ಸ್ವಾಮಿ, ಈಗ ಒಳಗೆ ಹೋದ ಇಬ್ಬರೂ ಅಲ್ಲೇ ಇದಾರೆ, ಅವರ ಕೈ ಕಡಿಯೋಕೆ ಬಿಟ್ಟು ನಮ್ಮಪ್ಪನ್ನ ಮಾತ್ರ ಹೆಂಗೆ ಕರ್ಕೊಂಡು ಹೋಗಲಿ, ಅದಕ್ಕೆ ಆ ಬಾಗಿಲು ಪೂರ್ತಿ ತೆಗೆಸಿ, ಒಳಗಿರೋರೆಲ್ಲ ಕೈಕಾಲು ನೆಟ್ಟಗಿಟ್ಕೊಂಡು ಮನೆಗೆ ಹೋಗಲಿ ಅಂದಳಂತೆ. ರಾಜನ ಹುಬ್ಬು ಗಂಟಿಕ್ಕಿತು. ಕಳ್ಳರೂನಾ ಅಂದ. ಕೇಳಿದ್ದನ್ನ ಕೊಡ್ತೀನಿ ಅಂದಿದ್ರಲ್ಲ ಸ್ವಾಮಿ ಅಂದಳಂತೆ. ರಾಜ ತೂತು ಬಿದ್ದ ಆ ನಾಣ್ಯವನ್ನ ಒಂದು ಗಳಿಗೆ ನೋಡಿ, ಆಗಲಿ ಅಂತ ಬೀಗದ ಕೈ ಕೊಡಿಸಿದನಂತೆ.

ಆಮೇಲೆ ತಾಯಕ್ಕ ಅಪ್ಪನ್ನ ಕರ್ಕೊಂಡು ಹರಿಗೋಲು ಹತ್ತಿ ಊರು ಸೇರಿದಳು. ಸಂಪಂಗಿ ಮನೆಗೆ ಬಂದರೆ ಜಗಲಿ ಮೇಲೆ ಕೆಂಪಯ್ಯ ಮುಖ ಮುಚ್ಕೊಂಡು ಕೂತಿದ್ದನಂತೆ. ಸಂಪಂಗಿ ಒಳಗೆ ಹೋಗಿ ಚೊಂಬಲ್ಲಿ ನೀರು ತಂದು, ಏಳಣ್ಣ, ಕೈ ತೊಳ್ಕೋ, ಮುದ್ದೆ ಆರುತ್ತೆ ಅಂದನಂತೆ. ಕೆಂಪಯ್ಯ ಎರಡೂ ಕೈ ಮುಂದೆ ಚಾಚಿದನಂತೆ, ತಮ್ಮ ನೀರು ಹಾಕಿದನಂತೆ. ಅವತ್ತಿಂದ ಇಬ್ಬರೂ ಒಂದೇ ಮನೇಲಿ ಸುಖವಾಗಿದ್ದರಂತೆ. ಅಲ್ಲಿಗೆ ಅವರ ಕತೆ ಮುಗೀತು, ಮಲಕ್ಕೋ ನನ್ನ ಕಂದ.