ಗುಡ್ಡದಾಚೆಯ ಸನ್ಮಾನ

ಶಾಸಕ ರುದ್ರಗೌಡರು ಲಂಬಾಣಿ ತಾಂಡಾಕ್ಕೆ ಬಂದವರೇ ಗದರಿದರು. "ವೋಟು ಹಾಕಾಕ ಸೋಮಾರಿಗಳು, ಮಕ್ಕಳನ್ನ ಸಾಲಿಗೆ ಕಳಸಾಕೂ ಸೋಮಾರಿಗಳು! ಇವೆರಡೇ ನನ್ನ ಮುಖ್ಯ ಕೆಲಸ ಅಂತ ಭಾಷಣದಾಗ ಹೇಳೀನಿ. ಅದಕ್ಕಾದ್ರೂ ನನಗೊಂದು ಸನ್ಮಾನ ಮಾಡ್ರಿ."

ಆಡು ಕಾಯುವ ಧರ್ಮಿಬಾಯಿ ಕೈಮುಗಿದಳು. "ಮಾಡ್ತೀವ್ರಿ. ಆದ್ರ ನಾವು ವೋಟು ಹಾಕೋ ಸಾಲ್ಯಾಗೇ ಮಾಡ್ತೀವಿ. ಮಕ್ಕಳು ಓದೋದೂ ಅಲ್ಲೇರಿ."

ಗೌಡರು ಹಿಗ್ಗಿ ಹೊರಟರು. ಜೀಪು ಗುಡ್ಡದ ಬುಡದಲ್ಲೇ ನಿಂತಿತು. ಶಾಲೆ ಇದ್ದದ್ದು ಗುಡ್ಡದಾಚೆ, ಮುಂದೆಲ್ಲ ಕಲ್ಲುಹಾದಿ. ಹಾರದ ಆಸೆಗೆ ಹತ್ತಿದರು, ಇಳಿದರು. ಚಪ್ಪಲಿ ಕಿತ್ತುಹೋಯಿತು, ಅಂಗಿ ತೊಯ್ದಿತು. ಶಾಲೆ ಮುಟ್ಟಿದವರೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಧರ್ಮಿಬಾಯಿ ಹಾರ ಹಾಕಿ, ನೀರು ಕೊಟ್ಟಳು. "ನಮ್ಮ ಸೋಮಾರಿತನ ಇಷ್ಟು ಎತ್ತರ ಐತಿ ನೋಡ್ರಿ."

ಗೌಡರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮರಳಲು ಅದೇ ಗುಡ್ಡ ಹತ್ತಬೇಕಿತ್ತು. ಗುಡ್ಡ ಹತ್ತುತ್ತ ಹತ್ತುತ್ತ ಸಿಟ್ಟು ಇಳಿಯಿತು.

ಮರುವರ್ಷ ತಾಂಡಾದಲ್ಲೇ ಶಾಲೆ ತೆರೆಯಿತು. ಚುನಾವಣೆಗೆ ಮತಗಟ್ಟೆಯೂ ಅಲ್ಲಿಗೇ ಬಂತು.

"ಈಗಾದ್ರೂ ನನಗ ವೋಟು ಹಾಕ್ತೀಯಲ್ಲವಾ?" ಗೌಡರು ಕೇಳಿದರು.

ಧರ್ಮಿಬಾಯಿ ನಕ್ಕಳು. "ಮೊದಲು ನಡದು ದಣದು, ಯಾರಿಗೋ ಗುಂಡಿ ಒತ್ತಿ ಬರ್ತಿದ್ವಿ. ಈಗ ಕುಂತು ವಿಚಾರ ಮಾಡಾಕ ಪುರಸೊತ್ತು ಸಿಕ್ಕೈತ್ರೀ."