ಮುದಕಪ್ಪನ ಹೊಸ ಆವೃತ್ತಿ

ಗದಗಿನ ಒಂದು ಓಣಿಯಲ್ಲಿ ನಿಂಬೆವ್ವನ ರೊಟ್ಟಿ ಅಂಗಡಿ. ಅವಳಿಗೊಬ್ಬನೇ ಮಗ, ಮುದಕಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ! ಇವನಿಗೆ ಹೆಣ್ಣು ಕೊಡೋರ್ಯಾರು ಅಂತ ನಿಂಬೆವ್ವ ರೊಟ್ಟಿ ಬಡಿಬಡಿದು ಅಳುತ್ತಿದ್ದಳು.

ಮುದಕಪ್ಪ ಒಂದು ವಿದ್ಯೆ ಮಾತ್ರ ಕಲಿತಿದ್ದ. ಯಾರೋ ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಕೋಡಿನ ಗಂಟು, ಅಂದರೆ ಲೈಬ್ರರಿ, ಬಳಸಿ, ಗಿರಾಕಿಗಳ ಮೆಸೇಜಿಗೆ ತಾನೇ ಉತ್ತರ ಕೊಡುವ ಚಾಟ್‌ಬಾಟ್ ಮಾಡಿದ್ದ. ಒಂದು ದಿನ ಲೈಬ್ರರಿಯ ಹೊಸ ಆವೃತ್ತಿ ಬಂತು. ಅದರ ಕೋಡಿನಲ್ಲಿ ‘ಮಾಲೀಕ’ ಅನ್ನೋ ಕ್ಲಾಸಿಗೆ ಇನ್ನು ಮೇಲೆ ‘ಸದಸ್ಯ’ ಅನ್ನಬೇಕಂತೆ. ಹಳೇ ಹೆಸರೇನು ಕಚ್ಚುತ್ತಿತ್ತೋ, ಆ ಪುಣ್ಯಾತ್ಮರಿಗೇ ಗೊತ್ತು! ಮುದಕಪ್ಪ ಬರೆದದ್ದರಲ್ಲೆಲ್ಲ ಹಳೇ ಹೆಸರೇ ಇತ್ತು, ಬಾಟ್ ಬಾಯಿ ಮುಚ್ಚಿತು. ನಿಂಬೆವ್ವ ಗದರಿದಳು:

“ಹಳೇ ಹೆಸರು ಹಿಡಿದು ಕರದ್ರ ಯಾರು ಓ ಅಂತಾರೋ ಹುಚ್ಚಪ್ಪಾ? ಕಂಡಕಂಡಲ್ಲಿ ಹೊಸಾ ಹೆಸರು ಹಾಕು!”

“ಹೂನವ್ವಾ!”

ಹಾಕಿದ. ಅಷ್ಟರಲ್ಲಿ ಅಂಗಡಿ ಜಾಗದ ಯಜಮಾನರು ಬಂದರು. “ಮಾಲೀಕರು ಬಂದಾರಂತ ನಿಮ್ಮವ್ವಗ ಹೇಳೋ.”

“ಮಾಲೀಕರು ಹಳೇ ಆವೃತ್ತಿಗೇ ಮುಗದ್ರರೀ! ನೀವೀಗ ಬರೇ ಸದಸ್ಯರು. ಪಾಳಿಗೆ ನಿಲ್ರಿ!”

ಯಜಮಾನರು ಕೆಂಡವಾದರು. ನಿಂಬೆವ್ವ ಕೈಮುಗಿದು, ಬಿಸಿ ರೊಟ್ಟಿ ಕಟ್ಟಿಕೊಟ್ಟು ಕಳಿಸಿದಳು.

“ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇನ್ನ ಏನ ಮಾಡೂದಿದ್ರೂ ನಾಕ ಮಂದೀನ ಕೇಳಿ ಮಾಡು!”

“ಹೂನವ್ವಾ!”

ಆಮೇಲೆ ಲೈಬ್ರರಿಗೆ ಹೊಸ ಸೌಲಭ್ಯ ಬಂತು: ಬಾಟ್ ಈಗ ಗಿರಾಕಿಗಳ ಮತ ಕೇಳಬಲ್ಲದು! ನಿಂಬೆವ್ವ ನೀರಿಗೆ ಹೋಗುವಾಗ, ಹಂಚಿನ ಮೇಲಿನ ರೊಟ್ಟಿ ನೋಡಿಕೋ ಅಂದಳು. ನೋಡಿದ. ಹೊಗೆ ಬಂತು. ಬಾಟಿನಲ್ಲಿ ಕೇಳಿದ: “ರೊಟ್ಟಿ ಹೊತ್ತಾಕತ್ತೇತಿ. ತಗೀಲೋ, ಬಿಡ್ಲೋ?” ನಾಲ್ಕನೇ ಮತ ಬೀಳುವಷ್ಟರಲ್ಲಿ ರೊಟ್ಟಿ ಇದ್ದಿಲಾಗಿತ್ತು.

“ಅಯ್ಯೋ ನನ್ನ ಹಣೇಬರಾ! ಯಾರನ್ನೂ ಕೇಳಬ್ಯಾಡ! ಈ ಬಾಟ್ ತಿದ್ದೋ ಉಸಾಬರಿನೂ ಬ್ಯಾಡ! ಹೊಸಾ ಹೆಸರಿಂದು ಬಂತಂದ್ರ ಹಳೇದನ್ನ ಬಂದಲ್ಲಿಗೆ ಕಳಿಸು, ಹೊಸಾದು ತಂದು ಕುಂದ್ರಸು! ತಿಳೀತಾ?”

“ಹೂನವ್ವಾ!”

ಅಂತೂ ಇಂತೂ ಹೆಣ್ಣು ಸಿಕ್ಕಿತು. ಮುಂಡರಗಿಯ ಚೆನ್ನವ್ವ, ಗಟ್ಟಿ ಕೈಯ ಹುಡುಗಿ. ರೊಟ್ಟಿ ಬಡಿಯೋಕೆ ಇನ್ನೆರಡು ಕೈ ಬಂದವಲ್ಲ ಅಂತ ನಿಂಬೆವ್ವನಿಗೆ ಖುಷಿಗೆ ಕಣ್ಣೀರೇ ಬಂತು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರಲ್ಲ, ಅವಸರದ ಅಯ್ಯನವರು ತಾಳಿಗೂ ಮೊದಲೇ ಆ ಶಾಸ್ತ್ರ ಮುಗಿಸಿದರು.

“ಇವತ್ತಿಂದ ಈಕಿ ಚೆನ್ನವ್ವ ಅಲ್ಲ, ಅನ್ನಪೂರ್ಣಾ!”

ಮುದಕಪ್ಪ ದಡಬಡಿಸಿ ಎದ್ದ. ಯಾರನ್ನೂ ಕೇಳಲಿಲ್ಲ.

“ಮಾವಾರ, ಈ ಚೆನ್ನವ್ವನ್ನ ವಾಪಸ್ ಕರ್ಕೊಂಡು ಹೋಗ್ರಿ! ಅನ್ನಪೂರ್ಣಾ ಬಂದ ಮ್ಯಾಲ ತಾಳಿ ಕಟ್ತೀನಿ!”

ಚೆನ್ನವ್ವ ಬಾಸಿಂಗ ಬಿಚ್ಚಿ ಅವನ ಕೈಗಿಟ್ಟಳು. “ನಡಿಯಪ್ಪಾ, ಹೋಗೂಣು.”

ಬೀಗರು ಬಂಡಿ ಹತ್ತಿದರು. ನಿಂಬೆವ್ವ ಅವರ ಹಿಂದೆ ಬರಿಗಾಲಲ್ಲಿ ಓಡಿದಳು. ಮುದಕಪ್ಪ ಮಾತ್ರ ಪಕ್ಕದ ಮಣೆ ಒರೆಸಿಟ್ಟು, ತಾಳಿ ಹಿಡಿದು, ದಾರಿ ನೋಡುತ್ತ ಕೂತ.

“ಅವ್ವಾ! ಹಳೇದು ಕಳಿಸೀನಿ! ಹೊಸಾದು ಯಾವಾಗ ಬರ್ತೇತಿ?”