ದರ ಬರೆಯುವ ಅಡಿವೆಪ್ಪ

"ಗುರುಗಳೇ, ಈ ತಿಂಗಳು ಷೇರುಪೇಟೆ ಒಂದು ದಿನ ಏರಿದರೆ ಮರುದಿನ ಬೀಳುತ್ತಿದೆ. ರೂಪಾಯಿಯ ಬೆಲೆಯೂ ಒಂದು ಕಡೆ ನಿಲ್ಲುತ್ತಿಲ್ಲ. ಮಠಕ್ಕೆ ಬರುವ ಭಕ್ತರೆಲ್ಲ ಕಂಗಾಲಾಗಿದ್ದಾರೆ. ಲಾಭವಾಗಲಿ ನಷ್ಟವಾಗಲಿ, ಮನಸ್ಸು ಕದಲದವನೇ ದೊಡ್ಡವನು ಎಂದು ಅವರಿಗೆ ಹೇಳಲೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಹುಬ್ಬಳ್ಳಿಯಲ್ಲಿ ಒಬ್ಬ ಷೇರು ದಲ್ಲಾಳಿಯಿದ್ದ. ಆಗಿನ್ನೂ ಕಂಪ್ಯೂಟರುಗಳಿರಲಿಲ್ಲ. ಮುಂಬಯಿಯ ದರಗಳು ಫೋನಿನಲ್ಲಿ ಬರುತ್ತಿದ್ದವು. ಅವನ್ನು ಕೇಳಿಸಿಕೊಂಡು ಕಪ್ಪು ಹಲಗೆಯ ಮೇಲೆ ಬರೆಯುವುದು ಅಡಿವೆಪ್ಪ ಎಂಬ ಗುಮಾಸ್ತನ ಕೆಲಸ. ಅವನು ಬಾಡಿಗೆ ಮನೆಯಲ್ಲಿದ್ದ. ಸ್ವಂತದ್ದೊಂದು ಮನೆ ಕಟ್ಟಬೇಕೆಂದು ಇಪ್ಪತ್ತು ವರ್ಷ ಉಳಿಸಿದ್ದನ್ನೆಲ್ಲ ಒಂದು ನೂಲಿನ ಗಿರಣಿಯ ಷೇರುಗಳಲ್ಲಿ ಇಟ್ಟಿದ್ದ. ದಲ್ಲಾಳಿಯ ಅಂಗಡಿಗೆ ಬರುವವರಲ್ಲಿ ಬಹಳ ಮಂದಿ ಅದೇ ಷೇರು ಕೊಂಡಿದ್ದರು. ದಲ್ಲಾಳಿಯೂ ಕೊಂಡಿದ್ದ.

ಒಂದು ತಿಂಗಳು ಪೇಟೆ ಹುಚ್ಚೆದ್ದಿತು. ಮೊದಲ ವಾರ ದರ ಏರಿತು, ಎರಡನೆಯ ವಾರ ಇಳಿಯಿತು, ಮೂರನೆಯ ವಾರ ಮತ್ತೆ ಏರಿತು. ಡಾಲರಿನ ಎದುರು ರೂಪಾಯಿ ಮಾತ್ರ ದಿನವೂ ಇಳಿಯುತ್ತಲೇ ಇತ್ತು. ಗಿರಣಿಯ ಷೇರು ನೂರಮೂವತ್ತು ಮುಟ್ಟಿದಾಗ ಅಡಿವೆಪ್ಪನ ಹೆಂಡತಿ ನಿವೇಶನ ನೋಡಿಬಂದಳು.

ಕೊನೆಯ ವಾರದ ಒಂದು ಮಧ್ಯಾಹ್ನ ಫೋನು ಬಂತು. ಗಿರಣಿ ಯಂತ್ರಗಳಿಗಾಗಿ ಡಾಲರಿನಲ್ಲಿ ಸಾಲ ತಂದಿತ್ತು. ರೂಪಾಯಿ ಬಿದ್ದು ಆ ಸಾಲ ಬೆಳೆದುಬಿಟ್ಟಿತ್ತು. ತೀರಿಸಲಾರೆವೆಂದು ಗಿರಣಿಯವರು ಕೈಚೆಲ್ಲಿದ್ದರು. ಷೇರು ತೊಂಬತ್ತಾರಕ್ಕೆ ಇಳಿದಿತ್ತು, ಇನ್ನೂ ಇಳಿಯುತ್ತಿತ್ತು. ಹಿಂದೆ ಬೆಂಚುಗಳ ಮೇಲೆ ಮೂವತ್ತು ಜನ ಕುಳಿತಿದ್ದರು. ಯಾರಿಗೂ ಇದು ತಿಳಿಯದು.

ಪಕ್ಕದಲ್ಲಿದ್ದ ದಲ್ಲಾಳಿಗೆ ಅಡಿವೆಪ್ಪ ವಿಷಯ ಹೇಳಿದ. ದಲ್ಲಾಳಿ ಅಡಿಕೆಪುಡಿ ಬಾಯಿಗೆ ಹಾಕಿಕೊಂಡು, ಹತ್ತು ನಿಮಿಷ ಏನೂ ಬರೆಯಬೇಡ ಎಂದು ಮೆಲ್ಲಗೆ ಹೇಳಿದ. ಅಷ್ಟರಲ್ಲಿ ತನ್ನವನ್ನೂ ಅಡಿವೆಪ್ಪನವನ್ನೂ ಮಾರಿಬಿಡಬಹುದು ಎಂದ. ನಿವೇಶನದ ಮಾತನ್ನೂ ನೆನಪಿಸಿದ.

ಅಡಿವೆಪ್ಪ ಸೀಮೆಸುಣ್ಣ ಕೈಗೆತ್ತಿಕೊಂಡ. ಕೈ ನಡುಗಿ ಅದು ಎರಡು ಸಲ ಮುರಿಯಿತು. ಮೂರನೆಯ ತುಂಡಿನಲ್ಲಿ ತೊಂಬತ್ತಾರು ಎಂದು ದೊಡ್ಡದಾಗಿ ಬರೆದ. ಜನ ಎದ್ದು ನುಗ್ಗಿದರು. ಅವನು ಒಬ್ಬೊಬ್ಬರು ಬರೆದುಕೊಟ್ಟ ಮಾರಾಟದ ಚೀಟಿಯನ್ನೂ ಬಂದ ಸರದಿಯಲ್ಲೇ ಫೋನಿನಲ್ಲಿ ಓದಿ ಮಾರಿಸಿದ. ನಡುವೆ ದರ ಇಳಿದಾಗಲೆಲ್ಲ ಹಲಗೆ ಒರೆಸಿ ಹೊಸದನ್ನು ಬರೆದ. ತನ್ನ ಚೀಟಿಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದ. ಅದರ ಸರದಿ ಬಂದಾಗ ಷೇರು ಇಪ್ಪತ್ತೆರಡಕ್ಕೆ ಬಂದಿತ್ತು.

ಒಬ್ಬ ವಿಧವೆಯ ಷೇರುಗಳು ಎಂಬತ್ತಕ್ಕಿಂತ ಹೆಚ್ಚಿನ ದರಕ್ಕೆ ಮಾರಿಹೋಗಿದ್ದವು. ಆಕೆ ಮನೆಗೆ ಹೋಗಲು ಮನಸ್ಸಾಗದೆ ಅಲ್ಲೇ ನಿಂತಿದ್ದಳು.

"ನಿಮಗೇ ಮೊದಲು ಗೊತ್ತಾಗಿತ್ತಲ್ಲ ಅಣ್ಣಾ, ನಿಮ್ಮವನ್ನು ಯಾಕೆ ಮೊದಲು ಮಾರಲಿಲ್ಲ?" ಎಂದು ಕೇಳಿದಳು.

"ಫೋನು ಬಂದದ್ದು ಹಲಗೆಗಮ್ಮಾ, ನನಗಲ್ಲ" ಎಂದ ಅಡಿವೆಪ್ಪ.

ಎಲ್ಲರೂ ಹೋದ ಮೇಲೆ ಅವನು ಮೆಟ್ಟಿಲ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತ. ಎರಡು ದಿನ ಅನ್ನ ಸೇರಲಿಲ್ಲ. ಆದರೂ ಮರುದಿನ ಹತ್ತು ಗಂಟೆಗೆ ಬಂದು ಹಲಗೆ ಒರೆಸಿ ಫೋನಿನ ಮುಂದೆ ಕುಳಿತ. ದಲ್ಲಾಳಿ ತಿಂಗಳು ಮುಗಿಯುವವರೆಗೂ ಅವನೊಡನೆ ಮಾತಾಡಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಬೇರೆಯವರು ಬರೆದ ದರವನ್ನು ಆ ಬೆಂಚುಗಳ ಮೇಲೆ ಕೂರುವವರು ಇನ್ನು ನಂಬುವುದಿಲ್ಲ ಎಂಬುದು ದಲ್ಲಾಳಿಗೆ ತಿಳಿದಿತ್ತು. ಅಡಿವೆಪ್ಪ ಕೊನೆಯವರೆಗೂ ಬಾಡಿಗೆ ಮನೆಯಲ್ಲೇ ಇದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ದೊಡ್ಡ ಮನುಷ್ಯ, ಒಪ್ಪುತ್ತೇನೆ. ಆದರೆ ಆತ ನಡುಗಿದ, ಅತ್ತ, ಅನ್ನ ಬಿಟ್ಟ. ನಾನು ಕೇಳಿದ್ದು ಮನಸ್ಸು ಕದಲದವನ ವಿಷಯ" ಎಂದ.

"ಆ ಮಧ್ಯಾಹ್ನ ಅಲ್ಲಿ ಮನಸ್ಸು ಕದಲದೆ ನಿಂತಿದ್ದವನು ದಲ್ಲಾಳಿ" ಎಂದರು ಗುರುಗಳು.